ಲೋವೆಲ್ಲಿನ ಮಗ್ಗ, ಮಿಸಿಸಿಪ್ಪಿಯ ಹತ್ತಿ

ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಊರಿನಲ್ಲಿ 1835ರಲ್ಲಿ ಆರಂಭವಾದ ಬೂಟ್ ಹತ್ತಿ ಗಿರಣಿಯನ್ನು ಈಗ ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಮಗ್ಗಗಳ ಕೋಣೆಗೆ ಹೋಗುವವರಿಗೆ ಕಿವಿಗೆ ತುರುಕಿಕೊಳ್ಳಲು ಮೆತ್ತನೆಯ ಎರಡು ಬಿರಡೆಗಳನ್ನು ಕೊಡುತ್ತಾರೆ. ಇದೇನು ಉಪಚಾರ ಎಂದುಕೊಂಡು ಅವನ್ನು ಕಿಸೆಗೆ ಹಾಕಿಕೊಂಡು ಒಳಗೆ ಕಾಲಿಟ್ಟ ನಾನು ಹತ್ತು ಹೆಜ್ಜೆ ನಡೆಯುವುದರೊಳಗೆ ಹುಡುಕಿ ಹೊರತೆಗೆದೆ. ಅಲ್ಲಿ ಸಾಲಾಗಿ ನಿಂತ ಎಂಬತ್ತಕ್ಕೂ ಮಿಕ್ಕಿದ ಮಗ್ಗಗಳಲ್ಲಿ ಆ ಹೊತ್ತು ಓಡುತ್ತಿದ್ದವು ಕೆಲವೇ. ಅವೂ ಇಪ್ಪತ್ತನೆಯ ಶತಮಾನದ ಯಂತ್ರಗಳೇ ಹೊರತು ಗಿರಣಿ ಹುಟ್ಟಿದ ಕಾಲದವಲ್ಲ. ಆದರೂ ಲಾಳಿಯು ಒಂದು ಬದಿಯಿಂದ ಇನ್ನೊಂದು ಬದಿಗೆ ಏಟು ತಿಂದು ಹಾರುವ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.

ನಾನು ಗದಗ ಸೀಮೆಯವನು. ನಮ್ಮ ಮನೆಯ ಹಿಂದಿನ ಓಣಿ ದಾಟಿದರೆ ಒಂದು ಜಿನ್ನು, ಎಂದರೆ ಹತ್ತಿಯಿಂದ ಕಾಳು ಬೇರ್ಪಡಿಸುವ ಕಾರ್ಖಾನೆ, ಇತ್ತು. ಹತ್ತಿಯ ಸುಗ್ಗಿ ಬಂತೆಂದರೆ ಅದರ ಗೇಟಿನ ಮುಂದೆ ಅಂಡಗಿ ಎಂಬ ಹತ್ತಿಯ ದೊಡ್ಡ ಚೀಲಗಳನ್ನು ಹೇರಿದ ಚಕ್ಕಡಿಗಳು ಸಾಲುಗಟ್ಟುತ್ತಿದ್ದವು. ಅದರ ಹಿತ್ತಲಲ್ಲಿ ಎಸೆದಿದ್ದ, ಅಂಚಿಗೆಲ್ಲ ಗರಗಸದ ಹಲ್ಲುಗಳಿದ್ದ ಕಬ್ಬಿಣದ ಬಿಲ್ಲೆಗಳನ್ನು ನಾವು ಹುಡುಗರು ಕಟ್ಟಿಗೆಯಿಂದ ಉರುಳಿಸಿಕೊಂಡು ಓಡುತ್ತಿದ್ದೆವು. ಹೀಗೆ ಹತ್ತಿಯ ದೂಳಿನಲ್ಲಿ ಬೆಳೆದವನಿಗೆ ಗಿರಣಿಯನ್ನು ಕಂಡಾಗ ಮೊದಲು ಏಳುವ ಪ್ರಶ್ನೆ ನೇಯ್ಗೆಯದಲ್ಲ. ಹತ್ತಿ ಎಲ್ಲಿಂದ ಬರುತ್ತಿತ್ತು ಎಂಬುದು. ಲೋವೆಲ್ಲಿನ ಸುತ್ತ ನೂರಾರು ಮೈಲಿ ಹೋದರೂ ಹತ್ತಿ ಬೆಳೆಯುವ ಗೇಣು ನೆಲ ಸಿಗುವುದಿಲ್ಲ. ಆ ಹತ್ತಿ ಬರುತ್ತಿದ್ದುದು ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ, ಲೂಯಿಸಿಯಾನಾಗಳ ಹೊಲಗಳಿಂದ, ಹಡಗಿನಲ್ಲಿ. ಅದನ್ನು ಬಿತ್ತಿ, ಕಳೆ ತೆಗೆದು, ಬಿಡಿಸಿ, ತುಂಬಿ ಕಳಿಸುತ್ತಿದ್ದವರು ಗುಲಾಮರು.

ಅಮೆರಿಕದ ಅಂತರ್ಯುದ್ಧದ ಕಾರಣಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿಕೊಂಡಿದ್ದ ಮೊದಲ ಸಾಲು, ಉತ್ತರದ ರಾಜ್ಯಗಳು ಕೈಗಾರಿಕೆಯನ್ನೂ ದಕ್ಷಿಣದ ರಾಜ್ಯಗಳು ಕೃಷಿಯನ್ನೂ ಅವಲಂಬಿಸಿದ್ದವು ಎಂಬುದು. ಅದು ಸುಳ್ಳಲ್ಲ. 1860ರ ಹೊತ್ತಿಗೆ ದೇಶದಲ್ಲಿದ್ದ ಸುಮಾರು 30,000 ಮೈಲಿ ರೈಲು ಹಳಿಯಲ್ಲಿ ದಕ್ಷಿಣದ ಪಾಲು ಮೂರನೆಯ ಒಂದು ಭಾಗಕ್ಕೂ ಕಡಿಮೆ. ಮುಂದೆ ಒಕ್ಕೂಟದಿಂದ ಸಿಡಿದುಹೋದ ಹನ್ನೊಂದು ರಾಜ್ಯಗಳಲ್ಲಿ ಎಲ್ಲ ಸೇರಿ ಇದ್ದ ನೂಲುವ ಕದಿರುಗಳಿಗಿಂತ ಹೆಚ್ಚು ಕದಿರುಗಳು ಲೋವೆಲ್ ಒಂದೇ ಊರಿನಲ್ಲಿ ತಿರುಗುತ್ತಿದ್ದವು. ಆದರೆ ಆ ಸಾಲು ಅಕ್ಕಪಕ್ಕದ ಎರಡು ಮನೆಗಳು ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ಬೇರೆ ಬೇರೆ ಕಸುಬು ಹಿಡಿದವು ಎಂಬಂತೆ ಕೇಳಿಸುತ್ತದೆ. ನನಗೆ ಅದು ಎಂದೂ ಒಪ್ಪಿಗೆಯಾಗಿಲ್ಲ. ಎರಡೂ ಮನೆಗಳ ಒಲೆ ಉರಿದದ್ದು ಒಂದೇ ಹತ್ತಿಯ ಲಾಭದಿಂದ. ಆ ಲಾಭವನ್ನು ಒಬ್ಬರು ಯಂತ್ರದಲ್ಲಿಯೂ ಕಾಲುವೆಯಲ್ಲಿಯೂ ಹೂಡಿದರು, ಇನ್ನೊಬ್ಬರು ಮನುಷ್ಯರನ್ನು ಕೊಳ್ಳುವುದರಲ್ಲಿ ಹೂಡಿದರು. ದಾರಿ ಕವಲೊಡೆದದ್ದು ಅಲ್ಲಿ.

ಈ ಕಥೆಯ ಮೊದಲ ಪುಟದಲ್ಲೇ ಆ ಗಂಟು ಕಾಣಿಸುತ್ತದೆ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ನೂಲಿನ ಗಿರಣಿಯೊಂದರಲ್ಲಿ ಕೆಲಸ ಕಲಿತ ಸ್ಯಾಮ್ಯುಯೆಲ್ ಸ್ಲೇಟರ್ 1789ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಮೆರಿಕದ ಹಡಗು ಹತ್ತಿದ. ನೂಲುವ ಯಂತ್ರಗಳನ್ನಾಗಲಿ, ಅವನ್ನು ಬಲ್ಲ ಕುಶಲಕರ್ಮಿಗಳನ್ನಾಗಲಿ ಹೊರದೇಶಕ್ಕೆ ಬಿಡಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನಿತ್ತು. ಈತ ಇಡೀ ಯಂತ್ರವನ್ನು ತಲೆಯಲ್ಲಿ ತುಂಬಿಕೊಂಡು ಹೋದ. ರೋಡ್ ಐಲೆಂಡಿನ ಪಾಟಕೆಟ್ ಎಂಬಲ್ಲಿ, ಬ್ಲ್ಯಾಕ್‌ಸ್ಟೋನ್ ನದಿಯ ನೀರಿನ ಬಲದಿಂದ, 1790ರ ಡಿಸೆಂಬರಿನಲ್ಲಿ ಅವನ ಕದಿರುಗಳು ತಿರುಗತೊಡಗಿದವು. ಮೊದಲ ಕೆಲಸಗಾರರು ಒಂಬತ್ತು ಮಂದಿ, ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳು.

ಸ್ಲೇಟರನಿಗೆ ಬಂಡವಾಳ ಕೊಟ್ಟವನು ಪ್ರಾವಿಡೆನ್ಸ್ ನಗರದ ವರ್ತಕ ಮೋಸೆಸ್ ಬ್ರೌನ್. ಅಣ್ಣತಮ್ಮಂದಿರೊಡನೆ ಸೇರಿ ಅವನು 1764ರಲ್ಲಿ ಆಫ್ರಿಕಕ್ಕೆ ಕಳಿಸಿದ್ದ ಸ್ಯಾಲಿ ಎಂಬ ಹಡಗಿನಲ್ಲಿ ನೂರಕ್ಕೂ ಹೆಚ್ಚು ಸೆರೆಯಾಳುಗಳು ಸತ್ತಿದ್ದರು. ಕೆಲವು ವರ್ಷಗಳ ಮೇಲೆ ಅವನ ಮನಸ್ಸು ತಿರುಗಿತು. 1773ರಲ್ಲಿ ತನ್ನ ಗುಲಾಮರನ್ನೆಲ್ಲ ಬಿಡುಗಡೆ ಮಾಡಿ, ಕ್ರೈಸ್ತರ ಕ್ವೇಕರ್ ಪಂಥ ಸೇರಿ, ಗುಲಾಮರ ವ್ಯಾಪಾರದ ವಿರುದ್ಧ ಬಾಳಿಡೀ ಹೋರಾಡಿದ. ಅದೇ ವ್ಯಾಪಾರವನ್ನು ಬಿಡದ ಸ್ವಂತ ಅಣ್ಣ ಜಾನ್‌ನನ್ನೂ ಎದುರು ಹಾಕಿಕೊಂಡ. ಅಂಥವನು ಕೈಹಾಕಿದ ಹೊಸ ಉದ್ಯಮ ಹತ್ತಿ ಗಿರಣಿ. ಅದು ಬೇಡುವ ಹತ್ತಿಯನ್ನು ಯಾರು ಬೆಳೆಯಬೇಕಾಗುತ್ತದೆ ಎಂಬುದು ಆ ಹೊತ್ತಿನಲ್ಲಿ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಈ ಮನುಷ್ಯನನ್ನು ಕಪಟಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸ್ಲೇಟರನ ಗಿರಣಿ ಶುರುವಾದ ಮೂರು ವರ್ಷಗಳ ಬಳಿಕ ಜಾರ್ಜಿಯಾದಲ್ಲಿ ನಡೆದದ್ದನ್ನು ಅರಿಯಬೇಕಾದರೆ ಹತ್ತಿಯ ಕಾಳೊಂದನ್ನು ಕೈಯಲ್ಲಿ ಹಿಡಿಯಬೇಕು. ಕರಾವಳಿಯ ದ್ವೀಪಗಳಲ್ಲಿ ಬೆಳೆಯುತ್ತಿದ್ದ ಉದ್ದನೆಯ ಎಳೆಯ ಹತ್ತಿಯ ಕಾಳು ಕರಿದಾಗಿ ನುಣುಪಾಗಿರುತ್ತದೆ. ಎರಡು ಉರುಳೆಗಳ ನಡುವೆ ಕೊಟ್ಟರೆ ಅರಳೆ ಒಂದು ಕಡೆ, ಕಾಳು ಒಂದು ಕಡೆ. ಒಳನಾಡಿನಲ್ಲಿ ಎಲ್ಲೆಂದರಲ್ಲಿ ಬೆಳೆಯಬಲ್ಲ ಗಿಡ್ಡ ಎಳೆಯ ಹತ್ತಿಯ ಕಾಳಿನ ಮೈಗೆ ಹಸಿರು ಛಾಯೆಯ ಜುಂಗು ಅಂಟಿಕೊಂಡಿರುತ್ತದೆ. ಅದರಿಂದ ಅರಳೆಯನ್ನು ಉಗುರಿನಲ್ಲಿ ಎಳೆದು ನೋಡಿ: ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ, ಕೊನೆಯ ಎಳೆಗಳು ಕಾಳಿಗೆ ಹಠ ಹಿಡಿದು ಕೂರುತ್ತವೆ. ದಿನವಿಡೀ ಕುಳಿತರೂ ಒಬ್ಬರ ಕೈಯಿಂದ ಹಸನಾಗುತ್ತಿದ್ದುದು ಸುಮಾರು ಒಂದು ಪೌಂಡು ಅರಳೆ. ಹಾಗಾಗಿ ಆ ಹತ್ತಿಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಯಾರಿಗೂ ಗಿಟ್ಟುತ್ತಿರಲಿಲ್ಲ.

ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿ ಯೇಲ್ ಕಾಲೇಜಿನಲ್ಲಿ ಓದಿದ ಎಲಿ ವಿಟ್ನಿ ಮನೆಪಾಠದ ನೌಕರಿ ಹುಡುಕಿಕೊಂಡು ದಕ್ಷಿಣಕ್ಕೆ ಬಂದಿದ್ದವನು. ಸವಾನ್ನಾ ಊರಿನ ಬಳಿ ಕ್ಯಾಥರೀನ್ ಗ್ರೀನ್ ಎಂಬ ವಿಧವೆಯ ಜಮೀನಿನಲ್ಲಿ ಉಳಿದುಕೊಂಡಿದ್ದಾಗ, 1793ರಲ್ಲಿ, ತಂತಿಯ ಹಲ್ಲುಗಳನ್ನು ನೆಟ್ಟ ಮರದ ಕೊರಡೊಂದನ್ನು ತಿರುಗುವಂತೆ ಮಾಡಿದ. ಹಲ್ಲುಗಳು ಅರಳೆಯನ್ನು ಕಚ್ಚಿಕೊಂಡು ಕಿರಿದಾದ ಸಂದುಗಳ ಮೂಲಕ ಎಳೆಯುತ್ತವೆ, ಕಾಳು ಆಚೆಯೇ ಉಳಿಯುತ್ತದೆ, ಹಿಂದಿನಿಂದ ತಿರುಗುವ ಕುಂಚ ಹಲ್ಲಿಗೆ ಸಿಕ್ಕ ಅರಳೆಯನ್ನು ಗುಡಿಸುತ್ತದೆ. ಒಬ್ಬ ಆಳು ಕೈಯಿಂದ ತಿರುಗಿಸಿದರೂ ದಿನಕ್ಕೆ ಐವತ್ತು ಪೌಂಡು. ಇದೇ ವಿಟ್ನಿಯ ಜಿನ್ನು. ತಂತಿಯ ಬದಲು ಗರಗಸದ ಹಲ್ಲಿನ ಬಿಲ್ಲೆಗಳು ಬಂದದ್ದು ಬಹುಬೇಗ. ಗದಗಿನ ಓಣಿಯಲ್ಲಿ ನಾವು ಉರುಳಿಸುತ್ತಿದ್ದ ಬಿಲ್ಲೆಗಳ ವಂಶಾವಳಿ ಇಲ್ಲಿಗೆ ಬಂದು ಮುಟ್ಟುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

1790ರಲ್ಲಿ ಅಮೆರಿಕ ಬೆಳೆದ ಹತ್ತಿ ಸುಮಾರು 3,000 ಬೇಲು (ಒತ್ತಿ ಕಟ್ಟಿದ ದೊಡ್ಡ ಗಂಟು). 1860ರ ಹೊತ್ತಿಗೆ ಅದು ಸುಮಾರು 40 ಲಕ್ಷ ಬೇಲು. ಅದೇ ಅವಧಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 7 ಲಕ್ಷದಿಂದ 40 ಲಕ್ಷದ ಹತ್ತಿರಕ್ಕೆ ಏರಿತು. ಹೊರಗಿನಿಂದ ಗುಲಾಮರನ್ನು ತರುವುದು 1808ರಲ್ಲಿಯೇ ನಿಷೇಧವಾಗಿತ್ತಾದ್ದರಿಂದ, ಹೊಸ ಹತ್ತಿಯ ನೆಲಕ್ಕೆ ಬೇಕಾದ ಕೈಗಳನ್ನು ವರ್ಜೀನಿಯಾ, ಮೇರಿಲ್ಯಾಂಡಿನಂಥ ಹಳೆಯ ತಂಬಾಕಿನ ರಾಜ್ಯಗಳಿಂದ ಕೊಂಡು ಸಾಗಿಸಲಾಯಿತು. ಅರ್ಧ ಶತಮಾನದಲ್ಲಿ ಹೀಗೆ ಸಾಗಿದವರು ಹತ್ತು ಲಕ್ಷದಷ್ಟು ಜನ. ಗಂಡ ಒಂದು ರಾಜ್ಯಕ್ಕೆ, ಹೆಂಡತಿ ಇನ್ನೊಂದಕ್ಕೆ, ಮಕ್ಕಳು ಎಲ್ಲಿಗೆಂದು ಕೇಳುವ ಹಕ್ಕಿಲ್ಲ. ಯಂತ್ರವೊಂದು ಕೆಲಸವನ್ನು ಹಗುರ ಮಾಡಿತು ಎಂದು ಬರೆಯುವಾಗ ಯಾರ ಕೆಲಸವನ್ನು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವಿಟ್ನಿಗೆ ಆ ಯಂತ್ರದಿಂದ ದುಡ್ಡು ಉಳಿಯಲಿಲ್ಲ; ಹಳ್ಳಿಯ ಕಮ್ಮಾರನೂ ನಕಲು ಮಾಡಬಹುದಾದಷ್ಟು ಅದು ಸರಳವಾಗಿತ್ತು, ಹೀಗಾಗಿ ಪೇಟೆಂಟು ಹಿಡಿದು ಕೋರ್ಟು ಅಲೆದದ್ದೇ ಬಂತು. ಅವನು ಉತ್ತರಕ್ಕೆ ಮರಳಿ ಸರ್ಕಾರಕ್ಕೆ ಬಂದೂಕು ಮಾಡಿಕೊಡುವ ಗುತ್ತಿಗೆ ಹಿಡಿದ.

ಈಗ ಲೋವೆಲ್ಲಿಗೆ ಮರಳೋಣ. ಊರಿಗೆ ಹೆಸರು ಕೊಟ್ಟ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಬಾಸ್ಟನ್ನಿನ ವರ್ತಕ. ಇಂಗ್ಲೆಂಡಿನಲ್ಲಿ ಎರಡು ವರ್ಷ ಇದ್ದು ಗಿರಣಿಗಳನ್ನು ಸುತ್ತಿ, ಯಂತ್ರಮಗ್ಗದ ಮರ್ಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡು 1812ರಲ್ಲಿ ಹಿಂದಿರುಗಿದ. ಪಾಲ್ ಮೂಡಿ ಎಂಬ ಜಾಣ ಮೆಕ್ಯಾನಿಕ್ ಜೊತೆಗೂಡಿ ವಾಲ್ಥಮ್ ಊರಿನಲ್ಲಿ ಹತ್ತಿಯಿಂದ ಬಟ್ಟೆಯವರೆಗಿನ ಎಲ್ಲ ಕೆಲಸವನ್ನೂ ಒಂದೇ ಸೂರಿನಡಿ ನಡೆಸುವ ಗಿರಣಿಯನ್ನು ನಿಲ್ಲಿಸಿದ. ಇಂಗ್ಲೆಂಡಿನೊಡನೆ ನಡೆಯುತ್ತಿದ್ದ ಯುದ್ಧ ಮುಗಿದು ಬಂದರುಗಳು ತೆರೆದಾಗ, ಅಗ್ಗದ ಬಟ್ಟೆಯ ಪ್ರವಾಹದಲ್ಲಿ ಈ ಕೂಸು ಕೊಚ್ಚಿಹೋಗಬಾರದೆಂದು ಅವನು ರಾಜಧಾನಿಗೆ ಹೋಗಿ ಸುಂಕಕ್ಕಾಗಿ ಓಡಾಡಿದ. 1816ರ ಸುಂಕದ ಕಾನೂನಿನಲ್ಲಿ ಬಹು ಚತುರವಾದ ಒಂದು ಕಲಮು ಸೇರಿತು. ಹತ್ತಿ ಬಟ್ಟೆಯ ನಿಜವಾದ ಬೆಲೆ ಎಷ್ಟೇ ಇರಲಿ, ಗಜಕ್ಕೆ ಕನಿಷ್ಠ 25 ಸೆಂಟು ಎಂದು ಹಿಡಿದು ಅದರ ಮೇಲೆ ನೂರಕ್ಕೆ 25ರಂತೆ ಸುಂಕ ಹಾಕತಕ್ಕದ್ದು. ಬೆಲೆಬಾಳುವ ಇಂಗ್ಲೆಂಡಿನ ಬಟ್ಟೆಗೆ ಇದರಿಂದ ದೊಡ್ಡ ನೋವಿಲ್ಲ. ಅತಿ ಅಗ್ಗದ ದಪ್ಪ ಬಟ್ಟೆಗೆ ಮಾತ್ರ ಬೆಲೆಯ ಬಹುಪಾಲಿನಷ್ಟು ಸುಂಕ ಬೀಳುತ್ತದೆ. ಆ ಅತಿ ಅಗ್ಗದ ದಪ್ಪ ಬಟ್ಟೆ ಯಾವ ದೇಶದ್ದು? ಕಲ್ಕತ್ತೆಯಿಂದ ಹೋಗುತ್ತಿದ್ದ ಭಾರತದ ಕೈಮಗ್ಗದ್ದು. ಅಮೆರಿಕದ ಮೊದಲ ದೊಡ್ಡ ಗಿರಣಿಗೆ ಕಟ್ಟಿದ ಬೇಲಿ ನಮ್ಮ ನೇಕಾರರ ಎದುರಿಗೆ ಕಟ್ಟಿದ್ದೆಂಬುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆ ಸುಂಕದ ಪರವಾಗಿ ಮಾತಾಡಿದವರಲ್ಲಿ ದಕ್ಷಿಣ ಕ್ಯಾರೊಲಿನಾದ ರಾಜಕಾರಣಿ ಜಾನ್ ಕ್ಯಾಲ್ಹೂನ್ ಒಬ್ಬ ಎಂಬುದನ್ನು ನೆನಪಿಡಬೇಕು. ಗಿರಣಿಗಳು ಬೆಳೆದರೆ ತಮ್ಮ ಹತ್ತಿಗೆ ಮನೆಯಲ್ಲೇ ಗಿರಾಕಿ, ದೇಶವೂ ಗಟ್ಟಿ ಎಂಬ ಎಣಿಕೆ ಆಗ ದಕ್ಷಿಣದಲ್ಲಿಯೂ ಇತ್ತು. ಹನ್ನೆರಡು ವರ್ಷಗಳ ನಂತರ, 1828ರಲ್ಲಿ ಸುಂಕ ಇನ್ನೂ ಮೇಲೇರಿದಾಗ, ಅದೇ ಕ್ಯಾಲ್ಹೂನ್ ಹೆಸರು ಮರೆಮಾಡಿ ಅದರ ವಿರುದ್ಧ ಉದ್ದನೆಯ ಪ್ರತಿಭಟನೆ ಬರೆದ. 1832ರಲ್ಲಿ ಅವನ ರಾಜ್ಯ ಒಕ್ಕೂಟದ ಸುಂಕ ತನ್ನ ನೆಲದಲ್ಲಿ ನಡೆಯದೆಂದು ಘೋಷಿಸಿತು. ನಡುವಿನ ವರ್ಷಗಳಲ್ಲಿ ಬದಲಾದದ್ದು ಅವನ ಬುದ್ಧಿಯಲ್ಲ, ಅವನ ಸೀಮೆಯ ಲೆಕ್ಕ. ಹತ್ತಿಯ ದೊಡ್ಡ ಗಿರಾಕಿ ಇಂಗ್ಲೆಂಡ್ ಎಂಬುದು ಖಚಿತವಾಗಿತ್ತು. ಮಾರುವುದು ಜಗತ್ತಿನ ಪೇಟೆಯ ದರದಲ್ಲಿ, ಕೊಳ್ಳುವುದು ಸುಂಕ ಸೇರಿಸಿದ ಉತ್ತರದ ದರದಲ್ಲಿ ಎಂದರೆ ಯಾವ ಬೆಳೆಗಾರನಿಗೆ ಹಿಡಿಸೀತು?

ಲೋವೆಲ್ 1817ರಲ್ಲಿ ತೀರಿಕೊಂಡ. ಅವನ ಪಾಲುದಾರರು ಮೆರಿಮ್ಯಾಕ್ ನದಿ ಮೂವತ್ತು ಅಡಿಗೂ ಹೆಚ್ಚು ಕೆಳಕ್ಕೆ ಧುಮುಕುವ ಜಾಗವನ್ನು ಹುಡುಕಿ, 1822ರಿಂದ ಕಾಲುವೆ ತೋಡಿ, ಊರು ಕಟ್ಟಿ, ಅದಕ್ಕೆ ಅವನ ಹೆಸರಿಟ್ಟರು. ಕೆಲಸಕ್ಕೆ ಬಂದವರು ಸುತ್ತಲಿನ ರೈತರ ಮದುವೆಯಾಗದ ಹೆಣ್ಣುಮಕ್ಕಳು. ಕಂಪನಿಯ ವಸತಿಗೃಹ, ಹತ್ತು ಗಂಟೆಗೆ ಬಾಗಿಲು, ಭಾನುವಾರ ಚರ್ಚು, ಬೆಳಗಿನಿಂದ ರಾತ್ರಿಯವರೆಗೆ ಗಂಟೆಯ ಹೊಡೆತಕ್ಕೆ ಏಳುವುದು, ಉಣ್ಣುವುದು, ನಿಲ್ಲುವುದು. ವಾರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ತಾಸು ದುಡಿಮೆ. ಒಣಗಿದ ನೂಲು ಪಟಪಟನೆ ಹರಿಯುತ್ತದೆಂಬುದು ನಮ್ಮ ಇಳಕಲ್ಲಿನ ನೇಕಾರರಿಗೂ ಗೊತ್ತು. ಅಲ್ಲಿ ಅದಕ್ಕಾಗಿ ಬೇಸಿಗೆಯಲ್ಲಿಯೂ ಕಿಟಕಿ ತೆರೆಯದೆ ಕೋಣೆಯ ಗಾಳಿಯನ್ನು ತೇವವಾಗಿ ಇಡುತ್ತಿದ್ದರು. ಲಾಳಿಯ ನೂಲು ಮುಗಿದಾಗ ಹೊಸ ಉಂಡೆಯನ್ನಿಟ್ಟು, ಲಾಳಿಯ ತೂತಿಗೆ ಬಾಯಿ ಹಚ್ಚಿ, ಉಸಿರಿನಿಂದ ಎಳೆಯನ್ನು ಹೊರಗೆ ಹೀರಬೇಕಾಗಿತ್ತು. ಎಳೆಯ ಜೊತೆಗೆ ಹತ್ತಿಯ ದೂಳೂ, ಹಿಂದೆ ಅದೇ ಲಾಳಿಗೆ ಬಾಯಿ ಹಚ್ಚಿದವಳ ಕೆಮ್ಮೂ ಒಳಗೆ ಹೋಗುತ್ತಿದ್ದವು.

ಇಷ್ಟಾಗಿಯೂ ಆ ಹುಡುಗಿಯರ ಕೈಗೆ ರೊಕ್ಕ ಬರುತ್ತಿತ್ತು. ಊರಿಗೆ ಕಳಿಸಿದರು, ಬ್ಯಾಂಕಿನಲ್ಲಿಟ್ಟರು, ಟೋಪಿ ಕೊಂಡರು, ಉಪನ್ಯಾಸಗಳಿಗೆ ಟಿಕೆಟು ಕೊಂಡರು, ತಾವೇ ಪತ್ರಿಕೆ ನಡೆಸಿದರು. ಕೂಲಿ ಕಡಿದಾಗ, 1834ರಲ್ಲಿ ಮತ್ತು 1836ರಲ್ಲಿ, ಮಗ್ಗ ಬಿಟ್ಟು ಬೀದಿಗಿಳಿದು, ನಾವು ಸ್ವತಂತ್ರರ ಹೆಣ್ಣುಮಕ್ಕಳು, ಗುಲಾಮರಾಗಿ ಇರಲಾರೆವು ಎಂದು ಸಾರಿದರು. ಅವರು ಆ ಮಾತನ್ನು ಸುಮ್ಮನೆ ಆಡಲಿಲ್ಲ. ಆದರೆ ಆ ಬೆಳಿಗ್ಗೆ ಅವರು ನಿಲ್ಲಿಸಿ ಬಂದ ಮಗ್ಗದ ಹಾಸಿನಲ್ಲಿ, ಹೊಕ್ಕಿನಲ್ಲಿ ಇದ್ದುದೆಲ್ಲ ಗುಲಾಮರು ಬಿಡಿಸಿದ ಹತ್ತಿ.

ಬಟ್ಟೆಯ ಪಯಣ ಉತ್ತರದಲ್ಲಿ ಮುಗಿಯುತ್ತಿರಲಿಲ್ಲ. ಗುಲಾಮರಿಗೆ ವರ್ಷಕ್ಕೆ ಇಷ್ಟು ಗಜವೆಂದು ಧಣಿ ಅಳೆದು ಕೊಡುತ್ತಿದ್ದ ಒರಟು ಬಟ್ಟೆಯನ್ನು, ಹತ್ತಿಗೆ ಕೀಳು ಉಣ್ಣೆ ಬೆರೆಸಿ, ಅದಕ್ಕೆಂದೇ ನೇಯುವ ಗಿರಣಿಗಳು ರೋಡ್ ಐಲೆಂಡಿನ ತುಂಬ ಎದ್ದವು. ಅದರ ವ್ಯಾಪಾರದ ಹೆಸರೇ ನೀಗ್ರೋ ಬಟ್ಟೆ. ಲೋವೆಲ್ಲಿನ ದಪ್ಪ ಹತ್ತಿ ಬಟ್ಟೆಯೂ ದಕ್ಷಿಣಕ್ಕೆ ಇಳಿಯುತ್ತಿತ್ತು. ನಮ್ಮಲ್ಲಿ ಮಲ್ಲು, ಮಾದರಪಾಟು ಎಂದು ಹೇಳುವ ಹಾಗೆ ಅಲ್ಲಿ ಗುಲಾಮರ ಬಾಯಲ್ಲಿ ಆ ಬಟ್ಟೆಗೆ ಲೋವೆಲ್ ಎಂದೇ ಹೆಸರಾಯಿತು. ಮೈಗೆ ಚುಚ್ಚುವ ಆ ಬಟ್ಟೆಯ ಹತ್ತಿ, ಯಾರಿಗೆ ಗೊತ್ತು, ಉಟ್ಟವನೇ ಹಿಂದಿನ ವರ್ಷ ಬಿಡಿಸಿದ್ದಿರಬಹುದು. ಲಿನ್ ಎಂಬ ಊರಿನಿಂದ ಒರಟು ಬೂಟುಗಳು, ಕನೆಕ್ಟಿಕಟ್ ರಾಜ್ಯದಿಂದ ಕಾಡು ಕಡಿಯುವ ಕೊಡಲಿಗಳು ಅದೇ ದಾರಿಯಲ್ಲಿ ಹೋಗುತ್ತಿದ್ದವು. ರೋಡ್ ಐಲೆಂಡಿನ ಪೀಸ್ ಡೇಲ್ ಎಂಬಲ್ಲಿ ಈ ಬಟ್ಟೆ ನೇಯಿಸಿ ಮಾರುತ್ತಿದ್ದ ರೋಲಂಡ್ ಗಿಬ್ಸನ್ ಹಜಾರ್ಡ್, 1840ರ ದಶಕದ ಆರಂಭದಲ್ಲಿ ವ್ಯಾಪಾರಕ್ಕೆಂದು ನ್ಯೂ ಆರ್ಲಿಯನ್ಸಿಗೆ ಹೋದಾಗ, ಉತ್ತರದ ಸ್ವತಂತ್ರ ಕಪ್ಪು ಜನರನ್ನು ಹಿಡಿದು ಸಂಕೋಲೆ ಹಾಕಿ ದುಡಿಸುತ್ತಿದ್ದುದನ್ನು ಕಂಡು, ಅಪಾಯ ಲೆಕ್ಕಿಸದೆ ಕೋರ್ಟು ಕಚೇರಿ ತಿರುಗಿ ಹಲವರನ್ನು ಬಿಡಿಸಿದ. ಬಟ್ಟೆಯ ವ್ಯಾಪಾರವನ್ನು ಅವನು ಅದರ ನಂತರವೂ ಮುಂದುವರಿಸಿದ.

ಹಾಗಾದರೆ ದಕ್ಷಿಣ ತಾನೇ ಯಾಕೆ ನೇಯಲಿಲ್ಲ? ನೀರಿರಲಿಲ್ಲವೇ? ಇತ್ತು. ಗುಡ್ಡದ ನೆಲ ಮುಗಿದು ಬಯಲು ಶುರುವಾಗುವ ಗೆರೆಯುದ್ದಕ್ಕೂ ನದಿಗಳು ಧುಮುಕುತ್ತವೆ. ದಕ್ಷಿಣ ಕ್ಯಾರೊಲಿನಾದ ವಿಲಿಯಂ ಗ್ರೆಗ್ ಎಂಬಾತ 1840ರ ದಶಕದಲ್ಲಿ ಗ್ರ್ಯಾನಿಟ್‌ವಿಲ್ ಎಂಬಲ್ಲಿ ಗಿರಣಿ ಕಟ್ಟಿ, ಬಡ ಬಿಳಿಯರಿಗೆ ಕೆಲಸ ಕೊಟ್ಟು, ಅವರ ಮಕ್ಕಳಿಗೆ ಶಾಲೆ ತೆರೆದು, ಲಾಭವನ್ನೂ ತೋರಿಸಿದ. ರಿಚ್ಮಂಡ್ ನಗರದ ಟ್ರೆಡೆಗರ್ ಕಬ್ಬಿಣದ ಕಾರ್ಖಾನೆಯಲ್ಲಿ ಗುಲಾಮರೇ ಕುಲುಮೆಯ ನುರಿತ ಕೆಲಸ ಮಾಡುತ್ತಿದ್ದರು. ಆಗದ ಕೆಲಸವೇನೂ ಅಲ್ಲ. ಆದರೆ ಹತ್ತಿಯ ದರ ಚೆನ್ನಾಗಿರುವ ವರ್ಷ ಕೈಗೆ ಬಂದ ದುಡ್ಡನ್ನು ಗಿರಣಿಗೆ ಹಾಕು ಎಂದು ಬೆಳೆಗಾರನಿಗೆ ಹೇಳುವುದು, ಬಂಗಾರದ ದರ ಏರುತ್ತಿರುವಾಗ ಬಂಗಾರ ಬಿಟ್ಟು ಬೇರೇನಾದರೂ ಕೊಳ್ಳು ಎಂದು ನಮ್ಮವರಿಗೆ ಹೇಳಿದ ಹಾಗೆ. ಅವನು ಇನ್ನಿಬ್ಬರು ಗುಲಾಮರನ್ನು ಕೊಳ್ಳುತ್ತಿದ್ದ. ಅವರು ದುಡಿಯುತ್ತಾರೆ, ಅವರ ಮಕ್ಕಳೂ ಅವನ ಆಸ್ತಿ, ಸಾಲ ಬೇಕಾದಾಗ ಅವರನ್ನೇ ಅಡವಿಡಬಹುದು. ಯುದ್ಧದ ಹೊಸ್ತಿಲಲ್ಲಿ ಗುಲಾಮರ ಒಟ್ಟು ಪೇಟೆ ಬೆಲೆ ಇಡೀ ದೇಶದ ರೈಲು ಮತ್ತು ಕಾರ್ಖಾನೆಗಳ ಬಂಡವಾಳವನ್ನು ಮೀರಿಸಿತ್ತು ಎಂಬುದು ಇತಿಹಾಸಕಾರರ ಅಂದಾಜು.

ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವ ಸಂಗತಿಯೆಂದರೆ ಆ ಆಸ್ತಿಗೆ ಕಾಲಿತ್ತು ಎಂಬುದು. ಉತ್ತರದ ರೈತನ ಆಸ್ತಿ ಅವನ ಹೊಲ, ಅದು ಇದ್ದಲ್ಲೇ ಇರುತ್ತದೆ. ಅದರ ಬೆಲೆ ಏರಬೇಕಾದರೆ ಊರಿಗೆ ರಸ್ತೆ ಬೇಕು, ಕಾಲುವೆ ಬೇಕು, ಶಾಲೆ, ಪೇಟೆ, ಅಂಚೆ ಬೇಕು. 1825ರಲ್ಲಿ ಮುಗಿದ 363 ಮೈಲಿಯ ಈರಿ ಕಾಲುವೆಯ ಉದ್ದಕ್ಕೂ ಊರುಗಳು ಎದ್ದದ್ದು ಹೀಗೆ. ದಕ್ಷಿಣದ ದೊಡ್ಡ ಬೆಳೆಗಾರನಿಗೆ ಆ ಹಂಗಿಲ್ಲ. ನೆಲ ಸವೆದರೆ ಅದನ್ನು ಬಿಟ್ಟು, ಗುಲಾಮರನ್ನು ನಡೆಸಿಕೊಂಡು ಅಲಬಾಮಾಕ್ಕೋ ಮಿಸಿಸಿಪ್ಪಿಗೋ ಹೋಗುತ್ತಿದ್ದ. ಬಿಟ್ಟುಹೋಗುವ ಊರಿಗೆ ಯಾರು ಶಾಲೆ ಕಟ್ಟಿಸುತ್ತಾರೆ? ಜೊತೆಗೆ, ದುಡಿಯುವವರ ಕೈಯಲ್ಲಿ ಕಾಸೇ ಇಲ್ಲವಾದ್ದರಿಂದ ಅಂಗಡಿ ಬೆಳೆಯುವ ಮಾತೇ ಇರಲಿಲ್ಲ. ಲೋವೆಲ್ಲಿನ ಹುಡುಗಿ ಕೊಂಡ ಟೋಪಿಯಿಂದ ಇನ್ನೊಬ್ಬ ಟೋಪಿ ಮಾಡುವವನು ಬದುಕಿದ. ಅಲಬಾಮಾದ ಹತ್ತಿ ಹೊಲದಲ್ಲಿ ಕೊಳ್ಳುವವನು ಒಬ್ಬನೇ, ಅವನು ತರಿಸುತ್ತಿದ್ದುದು ನ್ಯೂಯಾರ್ಕಿನಿಂದ.

ಬೆಳೆಗಾರನ ಲೆಕ್ಕ ನಡೆಸುತ್ತಿದ್ದವನನ್ನು ಫ್ಯಾಕ್ಟರ್ ಎನ್ನುತ್ತಿದ್ದರು. ಹುಬ್ಬಳ್ಳಿಯ ದಲಾಲಿ ಅಂಗಡಿ ಬಲ್ಲವರಿಗೆ ಅವನನ್ನು ವಿವರಿಸಬೇಕಾಗಿಲ್ಲ. ಬೆಳೆಯ ಮೇಲೆ ಮುಂಗಡ ಕೊಡುವವನು ಅವನೇ, ಹತ್ತಿ ಮಾರಿಕೊಡುವವನು ಅವನೇ, ಕಾಳುಕಡಿ ಕೊಡಲಿ ಬಟ್ಟೆ ತರಿಸುವವನೂ ಅವನೇ. ಪ್ರತಿಯೊಂದರಲ್ಲೂ ಕಮಿಷನ್, ಬಡ್ಡಿ. ಅವನ ಬೆನ್ನಿಗೆ ನ್ಯೂಯಾರ್ಕಿನ ಬ್ಯಾಂಕುಗಳು, ಅವುಗಳ ಬೆನ್ನಿಗೆ ಲಿವರ್‌ಪೂಲು, ಲಂಡನ್ನು.

ಇದನ್ನೆಲ್ಲ ಒಂದು ಸಂಜೆ ಫೋನಿನಲ್ಲಿ ಅಪ್ಪನಿಗೆ ಹೇಳುತ್ತಿದ್ದೆ. ನಲವತ್ತು ವರ್ಷ ಅಂಡಗಿ ಹೊತ್ತು ದಲಾಲಿ ಅಂಗಡಿಯ ಮುಂದೆ ಕುಳಿತವರು ಅವರು. ಎಲ್ಲ ಕೇಳಿಸಿಕೊಂಡು, "ಅಲ್ಲೋ ತಮ್ಮಾ, ಅಲ್ಲಿನೂ ತೂಕದಾಗ ಹೊಡೀತಿದ್ರೇನು?" ಎಂದು ಕೇಳಿದರು. ನಮ್ಮ ಕಡೆ ತೂಕದಲ್ಲಿ ಹೊಡೆಯುವುದೆಂದರೆ ಕಾಟಾದಲ್ಲಿ ಮೋಸ ಮಾಡುವುದು. ಉತ್ತರ ಕೊಡಲು ನನಗೆ ಒಂದು ಕ್ಷಣ ಬೇಕಾಯಿತು. ಅಲ್ಲಿ ಸಂಜೆ ಜಿನ್ನಿನ ಮನೆಯ ಮುಂದೆ, ದೀಪದ ಬೆಳಕಿನಲ್ಲಿ, ಪ್ರತಿಯೊಬ್ಬ ಗುಲಾಮನ ಬುಟ್ಟಿಯನ್ನೂ ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರವರಿಗೆ ಗೊತ್ತುಮಾಡಿದ ಪೌಂಡಿಗಿಂತ ಕಡಿಮೆ ಬಂದರೆ ಚಾವಟಿ, ಹೆಚ್ಚು ಬಂದರೆ ನಾಳೆಯಿಂದ ಅಷ್ಟೇ ಬರಬೇಕೆಂಬ ಹೊಸ ಲೆಕ್ಕ. "ಹೌದಪ್ಪಾ, ತೂಕದಾಗನೇ ಹೊಡೀತಿದ್ರು, ಆದ್ರ ಮನುಷ್ಯಾರನ್ನ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಉತ್ತರದ ಗಿರಣಿಯ ಧಣಿಗಳಿಗೆ ಇದು ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. 1835ರ ಅಕ್ಟೋಬರಿನಲ್ಲಿ ಗುಲಾಮಗಿರಿಯ ವಿರೋಧಿ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಸೊಂಟಕ್ಕೆ ಹಗ್ಗ ಬಿಗಿದು ಬಾಸ್ಟನ್ನಿನ ಬೀದಿಯಲ್ಲಿ ಎಳೆದ ಗುಂಪಿನಲ್ಲಿ ಇದ್ದವರು ಪುಂಡರಲ್ಲ, ಒಳ್ಳೆಯ ಕೋಟು ತೊಟ್ಟ ವರ್ತಕರು. 1848ರಲ್ಲಿ ಗುಲಾಮಗಿರಿಯ ವಿರೋಧಿ ರಾಜಕಾರಣಿ ಚಾರ್ಲ್ಸ್ ಸಮ್ನರ್ ಇದನ್ನು ಚಾವಟಿಯ ದೊರೆಗಳಿಗೂ ಮಗ್ಗದ ದೊರೆಗಳಿಗೂ ನಡುವಿನ ಅಪವಿತ್ರ ಮೈತ್ರಿ ಎಂದು ಕರೆದ. ಆ ಮೈತ್ರಿ ಸಡಿಲಗೊಂಡದ್ದು ಆರು ವರ್ಷಗಳ ಮೇಲೆ, ಓಡಿಬಂದ ಆಂಟನಿ ಬರ್ನ್ಸ್ ಎಂಬ ಗುಲಾಮನನ್ನು ಸೈನ್ಯದ ಕಾವಲಿನಲ್ಲಿ ಬಾಸ್ಟನ್ನಿನ ನಡುಬೀದಿಯಿಂದ ಹಡಗಿಗೆ ಹತ್ತಿಸಿ ವಾಪಸು ಕಳಿಸಿದಾಗ. ಜವಳಿ ಮನೆತನದ ಏಮಸ್ ಆಡಮ್ಸ್ ಲಾರೆನ್ಸ್, ತಾವು ಹಳೆಯ ರೀತಿಯ ರಾಜಿಸ್ವಭಾವದವರಾಗಿ ಮಲಗಿ ಹುಚ್ಚು ಹಿಡಿದ ಗುಲಾಮಗಿರಿ ವಿರೋಧಿಗಳಾಗಿ ಎದ್ದೆವು ಎಂದು ಬರೆದುಕೊಂಡ. ನಾಲ್ಕು ವರ್ಷ ಕಳೆದು, 1858ರ ಮಾರ್ಚಿನಲ್ಲಿ, ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಜೇಮ್ಸ್ ಹೆನ್ರಿ ಹ್ಯಾಮಂಡ್ ಎದ್ದು ನಿಂತು, ಹತ್ತಿಯೇ ರಾಜ, ಅದರ ಮೇಲೆ ಯುದ್ಧ ಸಾರುವ ಧೈರ್ಯ ಭೂಮಿಯ ಮೇಲೆ ಯಾವ ಶಕ್ತಿಗೂ ಇಲ್ಲ ಎಂದ. ದೇಶದ ರಫ್ತಿನ ಅರ್ಧಕ್ಕಿಂತ ಹೆಚ್ಚು ಹತ್ತಿಯೇ ಆಗಿದ್ದಾಗ ಅವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಯುದ್ಧ ಬಂತು. 1861ರ ಏಪ್ರಿಲಿನಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ. ಲೋವೆಲ್ಲಿನ ಒಂಬತ್ತು ದೊಡ್ಡ ಕಂಪನಿಗಳು ಈ ಯುದ್ಧದಲ್ಲಿ ಗಿರಣಿ ನಡೆಸಿದರೆ ನಷ್ಟವೆಂದು ಎಣಿಸಿ, ತಮ್ಮಲ್ಲಿದ್ದ ಕಚ್ಚಾ ಹತ್ತಿಯನ್ನು ಏರಿದ ದರಕ್ಕೆ ಮಾರಿ, ಹತ್ತು ಸಾವಿರ ಕೆಲಸಗಾರರನ್ನು ಬೀದಿಗೆ ಬಿಟ್ಟವು. ಹತ್ತಿಯ ದರ ಏರುತ್ತಲೇ ಇತ್ತು.

ಆ ಏರಿಕೆ ನಮ್ಮ ಎರೆಹೊಲಗಳಿಗೂ ಬಂದು ಮುಟ್ಟಿತು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಕರೆಸಿತ್ತು. ಅವರ ಪ್ರಯೋಗಗಳು ದೇಶದ ಬೇರೆಡೆಗಳಲ್ಲಿ ಹೆಚ್ಚೂಕಡಿಮೆ ಸೋತರೂ, ನ್ಯೂ ಆರ್ಲಿಯನ್ಸಿನ ಬೀಜ ಧಾರವಾಡ ಸೀಮೆಯಲ್ಲಿ ಬೇರುಬಿಟ್ಟು ಧಾರವಾಡ ಅಮೆರಿಕನ್ ಎಂಬ ಹೆಸರು ಪಡೆಯಿತು. ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬಿಡಿಸಿಕೊಳ್ಳುತ್ತಿದ್ದರು. ಈ ವಿಲಾಯಿತಿ ಹತ್ತಿಯ ಕಾಳು ಅದಕ್ಕೆ ಜಗ್ಗುವುದಲ್ಲ. ಗರಗಸದ ಜಿನ್ನು ಹೀಗೆ ಬೀಜದ ಬೆನ್ನು ಹತ್ತಿ ಬಂತು. ಯುದ್ಧದ ವರ್ಷಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಯವರ ಒತ್ತಾಯಕ್ಕೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿ, ಹತ್ತಿಗಾಗಿ ಕಾರವಾರದ ಬಂದರನ್ನು ಬೆಳೆಸಹೊರಟರು. ಅಂಡಗಿ ತುಂಬಿದ ಬಂಡಿಗಳು ಹುಬ್ಬಳ್ಳಿಯಿಂದ ಶಿರಸಿಯ ದಾರಿ ಹಿಡಿದು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದವು. ದೂರದ ಪೇಟೆಗಳಲ್ಲಿ ನಮ್ಮ ಜವಾರಿ ಹತ್ತಿಗೆ ಕುಮಟಾ ಎಂಬ ಹೆಸರೇ ನಿಂತಿತು. ಕಳಪೆ ಬೆರೆಸುವವರೂ ಹೆಚ್ಚಿದರು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾನೂನನ್ನೇ ತರಬೇಕಾಯಿತು.

ಈ ಭಾಗವನ್ನು ಅಪ್ಪನಿಗೆ ಹೇಳಿದಾಗ ಅವರ ದನಿಗೆ ಜೀವ ಬಂತು. ಘಟ್ಟದ ದಾರಿ, ಬಂಡಿ, ಬೆರಕೆ ಹತ್ತಿ ಎಲ್ಲ ಅವರಿಗೆ ಅಜ್ಜನ ಬಾಯಿಂದ ಕೇಳಿ ಗೊತ್ತಿದ್ದದ್ದು. ಅಮೆರಿಕದವರು ತಮ್ಮತಮ್ಮಲ್ಲಿ ಬಡಿದಾಡಿದ್ದಕ್ಕೆ ಇಲ್ಲಿ ದರ ಬಂದದ್ದೆಂಬುದು ಮಾತ್ರ ಹೊಸದು.

"ಆ ದರ ಎಷ್ಟ್ ದಿವಸ ನಿಂತಿತ್ತಂತ?" ಎಂದು ಕೇಳಿದರು.

"1865ರ ತನಕ ಅಪ್ಪಾ" ಎಂದೆ. "ಅಲ್ಲಿ ಯುದ್ಧ ಮುಗೀತು."

"ಹಂಗಾರ ಆ ವರ್ಷ ಸಾಲಾ ಮಾಡಿ ವಿಲಾಯಿತಿ ಬಿತ್ತಿದವರು?" ಎಂದರು ಅಪ್ಪ.